ಲಾರಿ ರಸ್ತೆಯ ಕ್ಯಾಲಾ ಲಿಲಿ

ಹೊಸಪೇಟೆಯಲ್ಲಿ ಹೂ ಬೆಳೆಸುವವರು ನಗೆಪಾಟಲಾಗಲು ಬೇರೆ ಕಾರಣ ಬೇಕಿಲ್ಲ, ಹೂವೇ ಸಾಕು. ಸಂಡೂರಿನಿಂದ ಅದಿರಿನ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದ ವರ್ಷಗಳಲ್ಲಿ ನಮ್ಮ ಮನೆ ಆ ರಸ್ತೆಯ ಮೇಲೇ ಇತ್ತು. ಮುಂದಿನ ಕೋಣೆಯಲ್ಲಿ ನಾನು ಬ್ಲೌಸ್ ಹೊಲಿಯುತ್ತಿದ್ದೆ. ಬಿಡುವಾದಾಗ, ಊಟಿಯಿಂದ ತಂದ ಗಡ್ಡೆ ನೆಟ್ಟು ಕ್ಯಾಲಾ ಲಿಲಿ ಬೆಳೆಸುತ್ತಿದ್ದೆ. ಸುರುಳಿ ಸುತ್ತಿದ ಒಂದೇ ದೊಡ್ಡ ದಳ, ನಡುವೆ ಹಳದಿ ದಿಂಡು, ಹಾಲಿನಂಥ ಬಿಳುಪು. ಅಂದರೆ ಊಟಿಯಲ್ಲಿ ಹಾಗೆ. ನಮ್ಮಲ್ಲಿ ಅರಳಿದ ಎರಡನೇ ದಿನಕ್ಕೆ ಅದಿರಿನ ಧೂಳು ಕೂತು ಇಟ್ಟಿಗೆ ಬಣ್ಣ.

"ಈ ಊರಾಗ ಬಿಳೇದು ಯಾವುದೂ ಬಿಳೇದಾಗಿ ಉಳಿಯಂಗಿಲ್ಲ" ಎಂದು ನಮ್ಮ ಯಜಮಾನರು ತೀರ್ಪು ಕೊಟ್ಟರು. ನನಗೆ ಹಟ ಹತ್ತಿತು. ಒಂದು ಹೂವನ್ನಾದರೂ ಬಿಳಿಯಾಗಿಯೇ ನಾಲ್ಕು ಜನರ ಮುಂದೆ ಇಡಬೇಕು.

ಕೂಲರ್

ಈ ಲಿಲಿಗೆ ತಂಪು ಬೇಕು. ನಮ್ಮ ಬೇಸಿಗೆಗೆ ಎಲೆಯೆಲ್ಲ ಒಣಗಿ ಗಡ್ಡೆ ಮಣ್ಣೊಳಗೆ ಮಲಗಿಬಿಡುತ್ತದೆ. ಅದು ಬೆಂದುಹೋಗದಿರಲೆಂದು ಮಧ್ಯಾಹ್ನ ಕುಂಡವನ್ನು ಪಡಸಾಲೆಗೆ ತಂದು ಕೂಲರ್ ಮುಂದೆ ಇಡುತ್ತಿದ್ದೆ. ಒಮ್ಮೆ ಕಂಪ್ಲಿಯಿಂದ ಯಜಮಾನರ ಸೋದರಮಾವ ಬಂದರು. ನಮ್ಮ ಯಜಮಾನರು ಮೂಲೆಯಲ್ಲಿ ಬೆವರುತ್ತ ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಕೂಲರ್ ಬರೀ ಮಣ್ಣಿದ್ದ ಕುಂಡಕ್ಕೆ ಗಾಳಿ ಹಾಕುತ್ತಿತ್ತು.

"ಏನಪಾ ಇದು?" ಎಂದರು ಮಾವ.

"ಮಣ್ಣಿಗೆ ಸೆಕಿ ಆಗತೈತ್ರಿ. ಕುಂದ್ರಿ, ಅಕಿ ಒಳಗ ಹೋದಾಗ ನಿಮ್ಮ ಕಡಿ ತಿರುಗಿಸ್ತೀನಿ."

ಮ್ಯಾಚಿಂಗ್

ಹೊಸದಾಗಿ ಗಣಿ ದುಡ್ಡು ಕಂಡ ಮನೆಯ ಗಿರಾಕಿಯೊಬ್ಬರು ಅಳತೆ ಕೊಡಲು ಬಂದವರು ಕಿಟಕಿಯಲ್ಲಿದ್ದ ಲಿಲಿ ನೋಡಿ ನಿಂತುಬಿಟ್ಟರು.

"ಭಾಳ ಮಸ್ತ್ ಕಲರ್ ಐತ್ರಿ. ಗೃಹಪ್ರವೇಶಕ್ಕ ನನಗ ಇದೇ ಬಣ್ಣದ ಬ್ಲೌಸ್ ಬೇಕು."

ಅದು ನಿಮ್ಮ ಯಜಮಾನರ ಗಣಿಯ ಧೂಳು ಎನ್ನಲು ನನಗೆ ಬಾಯಿ ಬರಲಿಲ್ಲ. ಒಂದು ಹೂ ಕೊಯ್ದು ಕೈಯಲ್ಲಿ ಹಿಡಿದು ಬಟ್ಟೆ ಅಂಗಡಿಗಳನ್ನೆಲ್ಲ ಸುತ್ತಿ ಅದೇ ಬಣ್ಣ ಹುಡುಕಿ ಹೊಲಿದೆ. ಅವರು ಒಯ್ಯಲು ಬಂದ ದಿನ ಬೆಳಿಗ್ಗೆ, ರೂಢಿಯಂತೆ ಉಳಿದ ಹೂಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದೆ. ಬ್ಲೌಸನ್ನು ಹೂವಿನ ಪಕ್ಕ ಹಿಡಿದವರ ಮುಖ ಸಣ್ಣದಾಯಿತು.

"ಎಲ್ಲಿಂದೆಲ್ಲಿಗ್ರಿ ಅಕ್ಕಾರ? ಒಂದೀಟೂ ಹೊಂದವಲ್ದು."

"ನಾಳೆ ಬರ್ರಿ, ಸರಿ ಮಾಡಿಡ್ತೀನಿ" ಎಂದೆ. ಬ್ಲೌಸ್ ಮುಟ್ಟಲಿಲ್ಲ. ಕುಂಡವನ್ನು ಇಡೀ ದಿನ ರಸ್ತೆಯಂಚಿಗೆ ಇಟ್ಟೆ. ಮರುದಿನ ಅವರು ಮತ್ತೆ ಪಕ್ಕಕ್ಕೆ ಹಿಡಿದು ನೋಡಿ, "ಕೈಗುಣ ಅಂದ್ರ ಇದು" ಎಂದರು.

ಬಹುಮಾನ

ಆ ಚಳಿಗಾಲ ಊರಿನಲ್ಲಿ ಫಲಪುಷ್ಪ ಪ್ರದರ್ಶನ ಇಟ್ಟರು. ನನ್ನ ಹಟಕ್ಕೆ ಇದಕ್ಕಿಂತ ಒಳ್ಳೆ ಜಾಗ ಸಿಗುತ್ತಿರಲಿಲ್ಲ. ಲೈನಿಂಗ್ ಬಟ್ಟೆಯಲ್ಲಿ ಕುಲಾವಿ ಹೊಲಿದು ಮೊಗ್ಗಿಗೆ ತೊಡಿಸಿದೆ, ದಿನಕ್ಕೊಂದರಂತೆ ಬದಲಿಸಿದೆ. ಬಿಚ್ಚಿದ ಕುಲಾವಿಗಳೆಲ್ಲ ಕೆಂಪು, ಒಳಗಿನ ಹೂ ಬಿಳಿ. ಆಟೋದಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಸೆರಗು ಹೊದಿಸಿ ಒಯ್ದೆ. ಮೇಜಿನ ಮೇಲಿಟ್ಟು ಕೊನೆಯ ಕುಲಾವಿ ತೆಗೆದಾಗ ನಿಜಕ್ಕೂ ಕಣ್ಣು ತುಂಬಿ ಬಂತು.

ಪಕ್ಕದಲ್ಲೇ ನಮ್ಮ ಎದುರು ಮನೆಯಾಕೆಯ ಲಿಲಿ ಇತ್ತು. ಹಿಂದಿನ ವರ್ಷ ನಾನೇ ಕೊಟ್ಟ ಗಡ್ಡೆ, ಈಗ ಅಚ್ಚ ಕೆಂಪು.

ತೀರ್ಪುಗಾರರು ಬಂದು ಎಲ್ಲಿ ಬೆಳೆಸಿದಿರಿ ಎಂದು ಕೇಳಿದರು. ಲಾರಿ ರಸ್ತೆಯ ಮನೆಯಲ್ಲಿ ಎಂದೆ. ಅವರು ನನ್ನ ಹೂವಿನ ದಳ ಉಜ್ಜಿ ಬೆರಳು ನೋಡಿಕೊಂಡರು. ಬೆರಳಿಗೆ ಏನೂ ಹತ್ತಿರಲಿಲ್ಲ. ಅಲ್ಲಿಗೆ ನನ್ನ ಕಳ್ಳತನ ಸಿಕ್ಕಿಬಿತ್ತು.

"ತಾಯಿ, ಆ ರಸ್ತಾದಾಗ ನನ್ನ ಬಿಳಿ ಕಾರೇ ಬಿಳೇದು ಉಳಿದಿಲ್ಲ. ಇದನ್ನ ಬೆಂಗಳೂರಿಂದ ತರಿಸೀರಿ. ಕೊಂಡು ತಂದ ಹೂವಿಗೆ ಬಹುಮಾನ ಇಲ್ರಿ."

ಮೊದಲ ಬಹುಮಾನ ಎದುರು ಮನೆಯಾಕೆಗೆ, ಇಲ್ಲಿಯ ಹವೆಗೆ ಒಗ್ಗಿದ ಅಪರೂಪದ ಕೆಂಪು ತಳಿ ಎಂದು. ಗೊಬ್ಬರ ಏನು ಹಾಕುತ್ತೀರಿ ಎಂದು ಕೇಳಿದರು.

"ಏನೂ ಇಲ್ರಿ. ಮಿಂಚಲಿ ಅಂತ ಹೂವಿಗೆ ಕೊಬ್ಬರಿ ಎಣ್ಣಿ ಹಚ್ಚಿ ಬಾಗಲ ಮುಂದ ಇಡತೀನಿ."

ತೀರ್ಪುಗಾರರು ಅದನ್ನು ಬರೆದುಕೊಂಡು ನನ್ನತ್ತ ತಿರುಗಿದರು. "ಬ್ಯಾಸರ ಮಾಡ್ಕೋಬ್ಯಾಡ್ರಿ. ಇವರ ಕಡಿಂದ ಒಂದು ಗಡ್ಡಿ ಇಸ್ಕೊಂಡು ಹಚ್ರಿ. ಮುಂದಿನ ವರ್ಷ ನಿಮಗೂ ಬರತೈತಿ."

ಎದುರು ಮನೆಯಾಕೆ ಬಹುಮಾನದ ಸ್ಟೀಲ್ ಡಬ್ಬಿಯನ್ನು ಎದೆಗವಚಿಕೊಂಡು, "ಅದಕ್ಕೇನ್ರಿ, ಕೊಡ್ತೀನಿ" ಎಂದಳು. "ಆದ್ರ ಅಕ್ಕಾರ, ಭಾಳ ಜ್ವಾಕಿ ಮಾಡಬೇಕು. ಹೂವಿಗೆ ಒಂದು ಹನಿ ನೀರು ತಾಗಿಸಂಗಿಲ್ಲ."