ಓಬಳೇಶನ ಎಡಗಿವಿ

ಗಿಣಿಗೆ ಮಾತು ಕಲಿಸುವ ಹಂಬಲ ಓಬಳೇಶನಿಗೆ ಇರಲಿಲ್ಲ. ಮಾತಾಡಲು ಮನೆಯಲ್ಲಿ ಹೆಂಡತಿ ಶಿಲ್ಪ ಒಬ್ಬಳೇ ಸಾಕಾಗಿತ್ತು. ಅವನಿಗೆ ಬೇಕಾಗಿದ್ದದ್ದು ಹೇಳಿದ ಮಾತು ಕೇಳುವ ಒಂದು ಜೀವ. ಅವನು ಕೆಲಸ ಮಾಡುವ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಂತೂ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಹೀಗಿರುವಾಗ ಒಂದು ಭಾನುವಾರ ತನ್ನೂರು ಬಿ.ಜಿ. ಕೆರೆಯ ಮನೆಯಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಾಗ ಬೇವಿನ ಮರದಿಂದ ಗಿಣಿಯೊಂದು ಇಳಿದು ಬಂದು ಅವನ ಎಡಹೆಗಲ ಮೇಲೆ ಕೂತಿತು. ಪಂಜರವಿಲ್ಲ, ಸರಪಳಿಯಿಲ್ಲ, ತಾನಾಗಿ ಬಂದು ತಾನಾಗಿ ಉಳಿಯಿತು. ಮದುವೆಯಾದ ಮೇಲೆ ತನ್ನ ಪಕ್ಕದಲ್ಲಿ ಯಾರಾದರೂ ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲೆಂದು ಓಬಳೇಶ ಸುಲಿದ ಶೇಂಗಾವನ್ನೆಲ್ಲ ಅದಕ್ಕೇ ಕೊಟ್ಟ.

ಸುಮ್ಮನೆ ಕೂತದ್ದು ಆ ಒಂದು ದಿನ ಮಾತ್ರ. ಮರುದಿನದಿಂದ ಅದು ಗುಂಡಿ ಕಿತ್ತಿತು, ಕಾಲರು ಹರಿಯಿತು, ಕಿವಿ ಕಚ್ಚಿತು, ಹೆಗಲಿನಿಂದ ಬೆನ್ನಿನವರೆಗೆ ಬಿಳಿ ಪಟ್ಟೆ ಎಳೆಯಿತು. (ಬಯಲಾಟದ ರಾಜನಿಗೆ ಭುಜಕೀರ್ತಿ ಇರುವುದಿಲ್ಲವೇ ಎಂದು ಓಬಳೇಶ ಸಮಾಧಾನಪಟ್ಟುಕೊಂಡ. ಆದರೆ ರಾಜನ ಅಂಗಿ ಒಗೆಯುತ್ತಿದ್ದವಳು ಶಿಲ್ಪ.)

"ನಾಡಿದ್ದು ನಮ್ಮಪ್ಪ ಬರ್ತಾರೆ," ಎಂದಳು ಶಿಲ್ಪ, ಅಂಗಿ ಹಿಂಡುತ್ತ. "ಅವ್ರ ಮುಂದೆ ಇದು ಒಂದ್ಸಲ ಕಚ್ಚಿದ್ರೂ ಅವ್ರ ಜೊತೇಲೆ ಕೊಂಡ್ಲಹಳ್ಳಿಗೆ ಕಳಿಸ್ತೀನಿ. ಅಲ್ಲಿ ಬೇಕಾದಷ್ಟು ಮರ ಐತೆ."

"ಅದು ನನ್ ಮಾತು ಕೇಳ್ತೈತೆ ಕಣೆ. ಸ್ವಲ್ಪ ಅಭ್ಯಾಸ ಆಗ್ಬೇಕು ಅಷ್ಟೆ."

"ನಿಮ್ ಮಾತಾ? ನಿಮ್ ಫೋನೇ ನಿಮ್ ಮಾತು ಕೇಳಾಕಿಲ್ಲ."

ಆ ಫೋನಿನಲ್ಲೇ ಓಬಳೇಶ ಪಕ್ಷಿಶಿಕ್ಷಣ ಶಾಸ್ತ್ರವನ್ನು ಅಧ್ಯಯನ ಮಾಡಿದ. ಹೆಗಲ ಗಿಣಿ ಕಚ್ಚಿದರೆ ಕೂಗಬಾರದು. ಮುಖದಲ್ಲಿ ಏನೂ ತೋರಿಸದೆ ಅದನ್ನು ನೆಲಕ್ಕಿಳಿಸಬೇಕು. ಸುಮ್ಮನಿದ್ದಾಗ ಮಾತ್ರ ತಿನ್ನಲು ಕೊಡಬೇಕು. ಅವನು ನೆಲಕ್ಕಿಳಿಸಿದ. ಅದು ಲುಂಗಿ ಹಿಡಿದು ಏಣಿ ಹತ್ತಿದಂತೆ ಮೇಲೆ ಬಂದು ಕಿವಿಯನ್ನು ಬಿಟ್ಟ ಜಾಗದಲ್ಲೇ ಹಿಡಿಯಿತು. ಆಗ ಓಬಳೇಶ ತಾನೇ ಒಂದು ಉಪಾಯ ಕಂಡುಹಿಡಿದ. ಶೇಂಗಾ ತೋರಿಸಿದರೆ ತಿನ್ನಲು ಕೊಕ್ಕು ತೆರೆಯಲೇಬೇಕಲ್ಲ. ಕೊಕ್ಕು ತೆರೆದರೆ ಕಿವಿ ಬಿಟ್ಟಂತೆಯೇ. ಪ್ರತಿ ಸಲವೂ ಫಲಿಸಿತು.

"ಕಚ್ಚಿದಾಗೆಲ್ಲ ಶೇಂಗಾ ಕೊಟ್ರೆ ಯಾರು ಯಾರಿಗೆ ಕಲಿಸ್ದಂಗಾಯ್ತು?" ಎಂದು ಶಿಲ್ಪ ಕೇಳಿದಳು. ಓಬಳೇಶ ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಿವಿ ಆಗ ಬೇರೆಯವರ ವಶದಲ್ಲಿತ್ತು.

ಮಾವ ಚಿಕ್ಕೀರಪ್ಪ ಕಂಬಳಿ ಹೊದ್ದು ಬಂದ. ಅವನದು ಕುರಿ ಕಾಯುತ್ತಲೇ ಮುಪ್ಪಾದ ಜೀವ. ಆ ಕಡೆ ಒಂದೊಂದು ಮನೆಯವರು ತಮ್ಮ ಕುರಿಯ ಕಿವಿಗೆ ಒಂದೊಂದು ತರದ ಕಚ್ಚು ಹಾಕಿ ಗುರುತು ಮಾಡುತ್ತಾರೆ. ಮೇಯುವಾಗ ಮಂದೆಗಳು ಬೆರೆತು ಜಗಳವಾದರೆ ಚಿಕ್ಕೀರಪ್ಪನನ್ನು ಕರೆಯುತ್ತಾರೆ. ಅವನು ಕಿವಿ ಹಿಡಿದು ನೋಡಿ ಇಂಥವರದ್ದು ಎಂದರೆ ಮುಗಿಯಿತು. ಅದರ ಮೇಲೆ ಅಪೀಲಿಲ್ಲ.

ಊಟವಾಗುವವರೆಗೆ ಗಿಣಿ ಹೆಗಲ ಮೇಲೆ ಋಷಿಯ ಹಾಗೆ ಕೂತಿತ್ತು. ಓಬಳೇಶನ ಎದೆ ಉಬ್ಬಿತು.

"ನೋಡಿ ಮಾವ, ನಾನ್ ಹೇಳ್ದಂಗೆ ಕೇಳ್ತೈತೆ," ಎಂದ. ಗಿಣಿ ಕಿವಿಗೆ ಬಾಯಿ ಹಾಕಿತು.

ಓಬಳೇಶ ಕೂಗಲಿಲ್ಲ. ಮುಖದಲ್ಲಿ ಏನೂ ತೋರಿಸಲಿಲ್ಲ. "ಈ ಸಲ ಕುರಿ ಮರಿ ಚೆನ್ನಾಗ್ ಹಾಕ್ಯಾವಾ ಮಾವ?" ಎಂದು ಕ್ಷೇಮ ಸಮಾಚಾರ ವಿಚಾರಿಸಿದ. ಕಣ್ಣಲ್ಲಿ ನೀರು ಇಳಿಯಿತು.

"ಕುರಿ ಅಂದ್ರೆ ಎಷ್ಟು ಜೀವ ಅಳಿಯಂಗೆ," ಎಂದು ಚಿಕ್ಕೀರಪ್ಪನಿಗೂ ಮನಸ್ಸು ಕರಗಿತು. ಆಗಲೇ ಕಾಲರಿನ ಮೇಲೆ ರಕ್ತದ ಹನಿ ಬಿತ್ತು. ಓಬಳೇಶನ ಕೈ ಅವನನ್ನು ಕೇಳದೆ ಜೇಬಿಗೆ ಹೋಗಿ ಶೇಂಗಾ ತಂದು ಒಪ್ಪಿಸಿತು. ಗಿಣಿ ಕಿವಿ ಬಿಟ್ಟಿತು.

"ನಡಿ ಅಪ್ಪ, ಅದನ್ನ ಕರ್ಕೊಂಡು ಹೋಗು," ಎಂದಳು ಶಿಲ್ಪ. ಓಬಳೇಶ ಮಾವನ ಮುಖ ನೋಡಿದ. ಕಿವಿಯ ನೋವಿಗಿಂತ ನಾಳೆ ಖಾಲಿಯಾಗುವ ಹೆಗಲಿನ ನೋವೇ ಅವನಿಗೆ ಹೆಚ್ಚಾಗಿತ್ತು.

ಚಿಕ್ಕೀರಪ್ಪ ಎದ್ದು ಬಂದು ಅಳಿಯನ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ. ಹಳೆಯ ಕಚ್ಚು, ಹೊಸ ಕಚ್ಚು ಎಲ್ಲವನ್ನೂ ಹೆಬ್ಬೆರಳಿನಿಂದ ಸವರಿದ.

"ಗಿಣಿ ನನ್ ಜೊತೆ ಬರಾಕಿಲ್ಲ ಕಣವ್ವ," ಎಂದ ಕೊನೆಗೆ. "ಗುರುತು ಸರಿಯಾಗ್ ಬಿದ್ದೈತೆ. ಗುರುತು ಹಾಕ್ದೋರ್ದೇ ಕುರಿ. ಗಿಣಿನ ನಾನು ಹೊಡ್ಕೊಂಡು ಹೋದ್ರೆ ಈ ಅಳಿಯನ್ನೂ ಹೊಡ್ಕೊಂಡು ಹೋಗ್ಬೇಕಾಗ್ತೈತೆ. ನಮ್ ಹಟ್ಟೀಲಿ ಜಾಗ ಇಲ್ಲ."

ತೀರ್ಪು ತನ್ನ ಕಡೆಗಾಯಿತೆಂದು ಓಬಳೇಶ ಸಂಜೆಯವರೆಗೂ ಖುಷಿಯಾಗಿದ್ದ.

ಶಿಲ್ಪ ಅಪ್ಪನ ಮಾತಿಗೆ ಎದುರಾಡುವವಳಲ್ಲ. ಮರುದಿನ ನಲ್ಲಿಯಲ್ಲಿ ನೀರು ಬಂದಾಗ ಅವಳು ಗಂಡನನ್ನು ಕರೆಯಲೇ ಇಲ್ಲ. ಕೊಡದ ಪಕ್ಕ ನಿಂತು ಅಂಗೈಯಲ್ಲಿ ಶೇಂಗಾ ತೋರಿಸಿದಳು. ಗಿಣಿ ಕಿವಿ ಹಿಡಿದು ಆ ಕಡೆಗೆ ಎಳೆಯಿತು. ಓಬಳೇಶ ಹೋದ. ಕೊಡ ತುಂಬಿತು. ಈಗ ಅವಳು ಸೌದೆಯ ಹತ್ತಿರ ನಿಂತರೆ ಸೌದೆ ಒಡೆದಿರುತ್ತದೆ, ಒಗೆಯುವ ಕಲ್ಲಿನ ಹತ್ತಿರ ನಿಂತರೆ ಅಂಗಿ ಒಗೆದಿರುತ್ತದೆ. ನಮ್ಮ ಮನೆಯಲ್ಲೂ ಹೇಳಿದ ಮಾತು ಕೇಳುವ ಜೀವ ಒಂದಿದೆ ಎಂದು ಅವಳು ಪಕ್ಕದ ಮನೆಯ ದುರುಗಕ್ಕನಿಗೆ ಹೇಳುತ್ತಿರುತ್ತಾಳೆ. ದುರುಗಕ್ಕ ತನ್ನ ಗಂಡನಿಗೂ ಒಂದು ಗಿಣಿ ಹುಡುಕುತ್ತಿದ್ದಾಳೆ.