ನೂರು ನೀರಿನ ರಾಳದ ಮುಲಾಮು

ಮಾನ ಹೋದ್ರೆ ಒಂದೇ ಸಲ ಹೋಗ್ತೈತೆ ಅಂತಾರೆ. ನಂದು ಮೂರು ಸಲ ಹೋಗೈತೆ, ಅದೂ ಒಂದೇ ಮುಲಾಮಿಂದ.

೧. ಅಜ್ಜಿ ಕೈ

ದುರ್ಗದ ಕಾಲೇಜು ಬಿಟ್ಟು ಮಾಡದಕೆರೆ ಮನೇಲಿ ಕುಂತಿದ್ದ ಕಾಲ. ಮಾರಿಕಣಿವೆ ಡ್ಯಾಮಿಗೆ ಹೋಗಿ ಅಂಗಿ ಬಿಚ್ಚಿ ದಿನವೆಲ್ಲಾ ಈಜಿದೆ. ಬೆನ್ನು ಸುಟ್ಟ ಬದನೆಕಾಯಿ ಆಯ್ತು. ಅಜ್ಜಿ ರಾಳ, ಅಂದ್ರೆ ಒಣಗಿದ ಮರದಂಟು, ಪುಡಿ ಮಾಡಿ ಕೊಬ್ರಿ ಎಣ್ಣೇಲಿ ಕರಗಿಸಿ, ನೀರು ಹಾಕಿ ನಾದಿ, ಚೆಲ್ಲಿ, ಮತ್ತೆ ನಾದಿ, ಬೆಣ್ಣೆಯಂಗೆ ಮಾಡಿ ಹಚ್ಚಿದ್ಲು. ಉರಿ ತಣ್ಣಗಾಯ್ತು.

"ನೂರು ನೀರು ತೊಳೀಬೇಕು ಕಣ್ಲಾ. ಇಲ್ದಿದ್ರೆ ಅಂಟು ಅಂಟೇ."

"ನೂರು ಎಣ್ಸಾಕೆ ಬರ್ತೈತೇನಜ್ಜಿ?"

"ಬರ್ತೈತೆ. ನೀನು ಎಷ್ಟು ಸಲ ಡುಮ್ಕಿ ಹೊಡ್ದೆ ಅಂತ ಎಣ್ಸಿ ಎಣ್ಸಿ ಕಲ್ತೀನಿ."

೨. ಹತ್ತು ನೀರು

ಮುಂದಿನ ಬ್ಯಾಸಗೇಲಿ ನಾನೇ ಮಾಡ್ದೆ. ಹತ್ತನೇ ನೀರಿಗೇ ಕೈ ನೋವು ಬಂತು. ಬೆಳ್ಳಗೈತಲ್ಲ, ಸಾಕು ಅಂತ ಬಿಸಿಲಿಗೆ ಸುಟ್ಟ ಕತ್ತಿಗೆ ಬಳ್ಕಂಡು ಹೊಳಲ್ಕೆರೆ ಬಸ್ ಹತ್ತಿ, ಸೀಟಿಗೆ ಒರಗಿ ನಿದ್ದೆ ಹೊಡ್ದೆ.

"ಹೊಳಲ್ಕೆರೆ ಬಂತು, ಇಳಿಯಪ್ಪ," ಅಂದ ಕಂಡಕ್ಟರು.

"ಏಳಾಕಾಗ್ತಿಲ್ಲ ಸಾರ್."

ಅವನೇ ಎಳ್ದ. ಪರ್ರ್ ಅಂತ ರೆಕ್ಸಿನ್ನೂ ಕಿತ್ಕಂಡು ಬಂತು.

"ಲೇ, ಸೀಟು ಬಿಟ್ಟು ಇಳಿಯಲೇ!"

೩. ಗಂಡಿನ ಮೀಸೆ

ಇದನ್ನ ಹೇಳಾಕೆ ಈಗ್ಲೂ ತಲೆ ತಗ್ಗುತ್ತೆ. ಅಕ್ಕನ್ನ ನೋಡಾಕೆ ಹಿರಿಯೂರಿಂದ ಗಂಡು ಬಂದಿದ್ದ. ಹಿಂದೆ ಎರಡು ಸಂಬಂಧ ತಪ್ಪಿದ್ವು; ಇದೂ ಎಲ್ಲಿ ತಪ್ತೈತೋ ಅಂತ ಅಮ್ಮ ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. ಬಿಸಿಲಲ್ಲಿ ಬೈಕಲ್ಲಿ ಬಂದು ಗಂಡಿನ ಮುಖ ಕೆಂಡ ಆಗಿತ್ತು.

"ಹುಡುಗಿ ತಮ್ಮ ಏನ್ ಮಾಡ್ತಾನ್ರಿ?" ಅಂದ್ರು ಗಂಡಿನ ಸೋದರಮಾವ.

ಕಾಲೇಜು ಬಿಟ್ಟಾನೆ ಅನ್ನಾಕೆ ಅಪ್ಪಗೆ ನಾಚಿಕೆ. "ನಾಟಿ ಔಷಧಿ ಕಲೀತಾವ್ನೆ" ಅಂದ್ಬಿಟ್ಟ.

ನಂಗೆ ಹುರುಪು ಬಂತು. ಮಿಕ್ಕಿದ್ದ ಅದೇ ಮುಲಾಮಿನ ಡಬ್ಬಿ ತಂದು, ಇನ್ನೈದು ನೀರು ತೋರ್ಸಿ, ಗಂಡಿನ ಮುಖಕ್ಕೆಲ್ಲ ಬಳ್ದೆ.

"ತಂಪೈತೆ ಕಣಪ್ಪ," ಅಂತ ಗಂಡು ಬೆವರು ಒರೆಸಾಕೆ ಟವೆಲ್ ಒತ್ಕಂಡ. ಟವೆಲ್ ಅಲ್ಲೇ ಉಳೀತು. ಅಷ್ಟೊತ್ತಿಗೆ ಅಕ್ಕ ಕಾಫಿ ಹಿಡ್ಕಂಡು ಬಂದ್ಲು.

"ಗಂಡೆಲ್ಲಿ?" ಅಂದ್ಲು ಅಜ್ಜಿ.

"ಟವೆಲ್ ಹಿಂದೆ," ಅಂದೆ.

"ಎಷ್ಟು ನೀರು ತೊಳ್ದೆಲೇ?"

"ಹದಿನೈದು."

ಅಜ್ಜಿ ಎಣ್ಣೆ ಸುರಿದು ಬಿಡಿಸಿದ್ಲು. ಅರ್ಧ ಮೀಸೆ ಟವೆಲ್ ಜೊತೆ ಹೋಯ್ತು. ಅಮ್ಮ ಸೆರಗು ಬಾಯಿಗಿಟ್ಕಂಡು ಅಳ್ತಿದ್ಲು. ಅಕ್ಕನೂ ಸೆರಗು ಬಾಯಿಗಿಟ್ಕಂಡಿದ್ಲು, ನಗು ತಡೆಯಾಕೆ. ಅವಳನ್ನ ನೋಡಿ ಗಂಡೂ ನಕ್ಬಿಟ್ಟ. ಅಲ್ಲೇ ಒಪ್ಕಂಡ.

ಮದುವೇಲಿ ಅರಿಶಿಣ ಹಚ್ಚೋ ಹೊತ್ತಿಗೆ ಮೀಸೆ ಪೂರ್ತಿ ಬಂದಿತ್ತು. ನಾನು ತಲೆ ತಗ್ಗಿಸ್ಕಂಡೇ ಅರಿಶಿಣದ ಬಟ್ಲು ಹಿಡ್ಕಂಡು ಹತ್ರ ಹೋದೆ. ಭಾವ ಎರಡೂ ಕೈಲಿ ಮೀಸೆ ಮುಚ್ಕಂಡು, ತುಂಬಿದ ಚಪ್ಪರದಲ್ಲಿ ಕೂಗಿದ:

"ಅಜ್ಜೀ, ಇದನ್ನ ಎಷ್ಟು ನೀರು ತೊಳ್ದಾನೆ ಕೇಳ್ರಿ!"