ಹಿಂಗಾರಿಗೊಂದು ಪುಸ್ತಕ ಹೇಳ್ರಿ

"ಮಳಿ ನಿಂತು ಥಂಡಿ ಸುರು ಆಗೋ ಹೊತ್ತಿಗೆ ಓದಾಕ ಚಲೋ ಪುಸ್ತಕ ಯಾವುದ್ರಿ?" ಅಂತ ಯಾರರೆ ಕೇಳಿದ್ರ ನಾನು ಈಗೂ ಎರಡು ಸಲ ವಿಚಾರ ಮಾಡ್ತೀನಿ. ನಾ ಹೇಳೋದೊಂದು, ಅಲ್ಲಿ ಆಗೋದೊಂದು.

ನಿಜಾಮರ ಆಳ್ವಿಕಿ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಮರುವರ್ಷದ ಮಾತು. ಕಲಬುರಗಿಯ ಒಂದು ವಾಚನಾಲಯದಾಗ ನಾನು ಪುಸ್ತಕ ಕೊಡೋ ಕೆಲಸಕ್ಕಿದ್ದೆ. ಕಮಲಾಪುರಕ್ಕ ಮೂವತ್ತು ಕನ್ನಡ ಪುಸ್ತಕದ ಒಂದು ಪೆಟ್ಟಿಗಿ ಒಯ್ತೀನಂತ ನಮ್ಮ ಕಾರ್ಯದರ್ಶಿಗಳ ದುಂಬಾಲು ಬಿದ್ದೆ. ನಾನು ಆ ಊರಾಗ ಬೆಳೆದಾಂವ. ಮನ್ಯಾಗ ಕನ್ನಡ, ಸಾಲ್ಯಾಗ ಉರ್ದು. ಸಣ್ಣವಿದ್ದಾಗ ಕನ್ನಡದ ಒಂದು ಕತಿಪುಸ್ತಕ ಕೈಗೆ ಸಿಗಲಿಲ್ಲ ಅನ್ನೋ ಸಂಕಟ ನನಗಿನ್ನೂ ಹೋಗಿರಲಿಲ್ಲ.

ಕಾರ್ಯದರ್ಶಿಗಳು ಹೂಂ ಅಂದ್ರು, ಆದ್ರ ಖಡಕ್ಕಾಗಿ ಅಂದ್ರು: "ದೀಪಾವಳಿಗೆ ಬಂದು ನೋಡ್ತೀನಿ. ಓದೋ ಮಂದಿ ಇಲ್ಲಂದ್ರ ಪೆಟ್ಟಿಗಿ ವಾಪಸ್."

ಸತ್ತವ ಎದ್ದ

ಕಮಲಾಪುರದಾಗ ಮೊದಲ ಗಿರಾಕಿ ಕಚೇರಿಯಿಂದ ನಿವೃತ್ತರಾದ ಗುಮಾಸ್ತರು. ಜೀವಮಾನ ಪೂರಾ ಉರ್ದು ಕಾಗದಾನೇ ಓದಿದವರು. ಅವರಿಗೆ ಒಂದು ಖೂನಿ ಕಾದಂಬರಿ ಆರಿಸಿಕೊಟ್ಟೆ.

ಎಂಟು ದಿನಕ್ಕ ಬಂದ್ರು. "ಭಾಳ ಚಲೋ ಅದರಿ. ಆದ್ರ ಖೂನಿ ಮಾಡಿದವನ್ನ ಸುರುವಿಗೇ ಹಿಡದಾರ. ಆಮ್ಯಾಲ ಪುಸ್ತಕ ಪೂರಾ ಹುಡುಕತಾರ. ಹಿಡದ ಮ್ಯಾಲ ಯಾಕ ಹುಡುಕಬೇಕ್ರಿ?"

ಉರ್ದು ಪುಸ್ತಕ ತೆರೆದಂಗ ಇದನ್ನೂ ಬಲಗಡಿಯಿಂದ ತೆರೆದು, ಕಡೀ ಪುಟದಿಂದ ಒಂದೊಂದೇ ಹಿಂದಕ್ಕ ಓದಿದ್ರು, ಪುಣ್ಯಾತ್ಮ! ನನಗ ನಗು ತಡಿಲಿಲ್ಲ, ಕೆಡುಕೂ ಅನಿಸ್ತು. ಈ ವಯಸ್ಸಿನಾಗ ತಾಯಿ ಮಾತು ಓದಬೇಕಂತ ಬಂದವರು. ಹ್ಯಾಂಗ ತಪ್ಪು ಅನ್ನಲಿ?

ಹೋಗೋ ಮುಂದ ತೃಪ್ತಿಲಿಂದ ಅಂದ್ರು: "ಕಡೀಗೆ ಸತ್ತವ ಎದ್ದು ಕುಂತು ಚಹಾ ಕುಡದ ನೋಡ್ರಿ, ಜೀವಕ್ಕ ಹಾಯ್ ಅನಿಸ್ತು."

ಒಂಬತ್ತು ದಿನದ ಆರತಿ

"ಈ ದಸರಾಕ್ಕ ಇದು ಭಾಳ ಚಲೋ ಪುಸ್ತಕ" ಅಂತ ಒಬ್ಬ ಗೌಡಸಾನಿಗೆ ಪ್ರವಾಸದ ಪುಸ್ತಕ ಕೊಟ್ಟೆ. ಹಬ್ಬ ಮುಗಿದ ಮ್ಯಾಲ ತಿರುಗಿ ಬಂತು, ಮೈತುಂಬ ಅರಿಷಿಣ ಕುಂಕುಮ.

"ಹ್ಯಾಂಗನಿಸ್ತವ್ವಾ?"

"ಅಯ್ಯ, ಪೂಜಾಕ್ಕಿಟ್ಟ ಪುಸ್ತಕ ಬಿಚ್ಚತಾರೇನ್ರಿ? ಒಂಬತ್ತು ದಿನ ಆರತಿ ಮಾಡೀನಿ. ಮುಂದಿನ ದಸರಾಕ್ಕ ಇನ್ನಾ ದಪ್ಪಂದು ಕೊಡ್ರಿ."

ಬಾವ್ಯಾಗ ಬಿದ್ದಾಕಿ

ದೀಪಾವಳಿ ಮುಂದ ಕಾರ್ಯದರ್ಶಿಗಳು ಬಂದೇ ಬಂದ್ರು. ಪೆಟ್ಟಿಗಿ ತೆರೆದ್ರ ಇಪ್ಪತ್ತೊಂಬತ್ತು ಪುಸ್ತಕ ಇದ್ದಲ್ಲೇ ಇದ್ದವು. ಹೊರಗ ಹೋಗಿದ್ದು ಒಂದೇ, ಅದೂ ಊರಾಗ ಅರಿವಿ ಹೊಲಿಯೋ ದರ್ಜಿ ಚಾಚಾನ ಹೆಸರಿಗೆ. "ಇಡೀ ಊರಿಗೆ ಒಬ್ಬ ಓದುಗ! ಕಟ್ರಿ ಪೆಟ್ಟಿಗಿ" ಅಂದ್ರು. ನಾನು ಪೆಟ್ಟಿಗಿ ಮುಚ್ಚಿದೆ.

ಉಳಿದ ಆ ಒಂದು ಪುಸ್ತಕ ಇಸಕೊಳ್ಳಾಕ ಇಬ್ಬರೂ ಹೋದ್ವಿ. ಚಾಚಾನ ಅಂಗಡಿ ಮುಂದ ನಲವತ್ತು ಮಂದಿ ಕುಂತಾರ! ಹೊಲಿಯಾಕ ಕೊಟ್ಟ ಹಬ್ಬದ ಅರಿವಿ ಕೇಳಾಕ ಬಂದವರು, ಕೇಳೋದು ಮರೆತು ಕತಿ ಕೇಳಾಕತ್ತಾರ. ಕೂಲಿಮಠದಾಗ, ಅಂದ್ರ ಊರ ಹಳೇ ಖಾಸಗಿ ಸಾಲ್ಯಾಗ, ಕನ್ನಡ ಕಲಿತ ಚಾಚಾ ಮಷೀನ್ ನಿಲ್ಲಿಸಿ, ಮೂಗಿಗೆ ಚಾಳೀಸು ಏರಿಸಿ, ದೊಡ್ಡ ದನಿಲೇ ಓದಾಕತ್ತಾರ.

ಕಾರ್ಯದರ್ಶಿಗಳು ಕೈ ಚಾಚಿದ್ರು. "ಪುಸ್ತಕ ಕೊಡ್ರಿ. ಪೆಟ್ಟಿಗಿ ವಾಪಸ್ ಹೊಂಟದ."

ಒಬ್ಬ ಮುದುಕಿ ಎದ್ದೇ ನಿಂತಳು. "ಏನ್ರಿ, ಹುಡುಗಿ ಬಾವ್ಯಾಗ ಬಿದ್ದಾಳ! ಆಕಿನ್ನ ಅಲ್ಲೇ ಬಿಟ್ಟು ಒಯ್ತೀರೇನು? ಮನುಷ್ಯಾರೇನು ನೀವು?"

ಮಂದಿ ದನಿ ಏರಿತು. ಕಾರ್ಯದರ್ಶಿಗಳು "ಆತು, ಐದು ನಿಮಿಷ" ಅಂತ ಕಟ್ಟಿ ಮ್ಯಾಲ ಕುಂತ್ರು. ಐದು ಹೋಗಿ ಐವತ್ತಾತು. ಕತ್ಯಾಗ ಹಗ್ಗ ತಂದ್ರು, ಬಾವ್ಯಾಗ ಇಳಿಬಿಟ್ರು, ಹುಡುಗಿ ಹಿಡಕೊಂಡಳು. ಅಷ್ಟರಾಗ ಕಲಬುರಗಿ ಬಸ್ಸು ಹಾರ್ನ್ ಹೊಡೀತು. ಚಾಚಾ ಪುಸ್ತಕ ಮುಚ್ಚಿದ್ರು. "ಇವತ್ತಿಗೆ ಸಾಕ್ರಿ."

ಕಾರ್ಯದರ್ಶಿಗಳು ಬರಿಗೈಲೇ ಓಡಿ ಬಸ್ ಹತ್ತಿದ್ರು. ಬಸ್ಸು ಹೊಂಟಿತು. ಕಿಡಕ್ಯಾಗಿಂದ ಅರ್ಧ ಮೈ ಹೊರಗ ಹಾಕಿ ಒದರಿದ್ರು: "ಚಾಚಾ, ಆಕಿ ಮ್ಯಾಲ ಬರ್ತಾಳೋ ಇಲ್ಲೋ, ಅಷ್ಟರೆ ಹೇಳ್ರಿ!"

ಚಾಚಾ ಶಾಂತ ಆಗಿ ಅಂದ್ರು: "ನನಗರೆ ಏನ್ ಗೊತ್ತು, ಸಾಹೇಬ್ರ? ಪೆಟ್ಟಿಗಿ ಊರಾಗಿದ್ರ ಬರ್ತಾಳ."